ಒಳಗೇನಿದೆ ಎಂದು ಗೊತ್ತಿಲ್ಲದ ಮಾತ್ರೆ

ಬೊಲೋನ್ಯಾ
೨೦ ಸೆಪ್ಟೆಂಬರ್ ೨೦೧೮

ರಲಿತ್ಸಾಳಿಗೆ,

ಪೆಟ್ಟಿಗೆ ಒಯ್ಯುವ ರುಮೆನ್‌ನ ವ್ಯಾನು ನಾಳೆ ಬೆಳಿಗ್ಗೆ ಬಲ್ಗೇರಿಯಾಗೆ, ನಮ್ಮ ಊರಿಗೆ ಹೊರಡುತ್ತದೆ. ಪೆಟ್ಟಿಗೆಗೆ ಹಗ್ಗ ಬಿಗಿಯುವ ಮುಂಚೆ ಈ ನಾಲ್ಕು ಸಾಲು. ಕಾಫಿ ಪುಡಿ ನಿನಗೆ, ಗಟ್ಟಿ ಚೀಸು ಕಾಮೆನ್‌ಗೆ, ಬೂಟು ನೆವೆನಾಗೆ. ಬೂಟು ಒಂದು ಬೆರಳು ದೊಡ್ಡದನ್ನೇ ತಂದಿದ್ದೇನೆ. ಹನ್ನೊಂದು ವರ್ಷದ ಮೊಮ್ಮಗಳ ಕಾಲು ವ್ಯಾನು ಚಿರ್ಪಾನ್ ಮುಟ್ಟುವಷ್ಟರಲ್ಲಿ ಬೆಳೆದಿರುತ್ತದೆ.

ಭಾನುವಾರ ಫೋನಿನಲ್ಲೇ ಕೇಳಬೇಕೆಂದಿದ್ದೆ. ಆದರೆ ನನ್ನ ಮಗರಾಯ ಕಾಮೆನ್ ಪಕ್ಕದಲ್ಲಿ ಕೂತಿದ್ದರೆ ನೀನು ‘ಎಲ್ಲಾ ಚೆನ್ನಾಗಿದೆ ಅತ್ತೆ’ ಅನ್ನುವುದು ಬಿಟ್ಟು ಬೇರೇನೂ ಹೇಳುವುದಿಲ್ಲ. ಎದುರುಮನೆ ಸ್ತೋಯಾಂಕಾ ಫೋನ್ ಮಾಡಿದ್ದಳು. ಈ ತಿಂಗಳು ಎರಡು ಸಲ ನೀನು ಬೆಳಗಿನ ರೈಲಿಗೆ ಪ್ಲೋವ್ದಿವ್‌ಗೆ ಹೋದೆಯಂತೆ. ಒಂದು ಸಲ ಅವಳೂ ಅದೇ ರೈಲಿನಲ್ಲಿದ್ದಳಂತೆ. ಸ್ಟೇಷನ್ನಿನ ಹೊರಗೆ ನೀನು ಆಸ್ಪತ್ರೆಯ ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡಳಂತೆ. “ನಿಮ್ಮ ಸೊಸೆಗೆ ಏನಾಗಿದೆ ದೋಂಕಾ, ನೀವಾದ್ರೂ ಹೇಳಿ” ಅಂತ ಕೇಳಿದಳು. ನಾನೇನು ಹೇಳಲಿ? ನನ್ನ ಮನೆಯ ಸುದ್ದಿ ಅವಳಿಗೆ ಮೊದಲು ಗೊತ್ತಾಗುತ್ತದೆ ಎನ್ನುವುದೇ ನನಗೆ ಅವಮಾನ.

ಇಲ್ಲಿ ನಾನು ಸಂಬಳಕ್ಕೆ ನೋಡಿಕೊಳ್ಳುವ ಮುದುಕಿ ಸಿನ್ಯೋರಾ ಇದಾ ಹಾಗೇ ಇದ್ದಾಳೆ. ಸ್ನಾನ ಮಾಡಿಸುವಾಗ ಬೈಯುತ್ತಾಳೆ, ಊಟ ಮಾಡಿಸುವಾಗ ಹಾಡುತ್ತಾಳೆ. ಅವಳನ್ನು ಬಿಟ್ಟು ಕ್ರಿಸ್‌ಮಸ್‌ಗೂ ಊರಿಗೆ ಬರಲಾಗುವುದಿಲ್ಲ ಅನಿಸುತ್ತದೆ. ಕಾಮೆನ್‌ಗೆ ಮೆಲ್ಲಗೆ ಹೇಳು.

ನಿನ್ನ ಅತ್ತೆ
ದೋಂಕಾ


ಚಿರ್ಪಾನ್
೨೮ ಸೆಪ್ಟೆಂಬರ್ ೨೦೧೮

ಪ್ರೀತಿಯ ಅತ್ತೆಯವರಿಗೆ,

ಪೆಟ್ಟಿಗೆ ತಲುಪಿತು. ನೆವೆನಾ ಹೊಸ ಬೂಟು ಹಾಕಿಕೊಂಡೇ ಊಟಕ್ಕೆ ಕೂತಳು. ಚೀಸನ್ನು ಕಾಮೆನ್ ತಾನೇ ಕೊಯ್ದು ತಾನೇ ಬಡಿಸುತ್ತಾರೆ, ನಮ್ಮ ಕೈಗೆ ಚಾಕು ಕೊಡುವುದಿಲ್ಲ.

ಪ್ಲೋವ್ದಿವ್‌ಗೆ ಹೋಗಿದ್ದು ನಿಜ. ಗಾಬರಿಪಡುವಂಥದ್ದೇನೂ ಅಲ್ಲ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇರಬಹುದೆಂದು ಪರೀಕ್ಷೆಗೆ ಹೋಗಿದ್ದೆ. ಇನ್ನೂ ಕೆಲವು ಸಲ ಹೋಗಬೇಕಾದೀತು. ಸ್ತೋಯಾಂಕಾಗೆ ಇಷ್ಟೇ ಹೇಳಿ. ಅವಳಿಗೆ ಇಷ್ಟು ಸಾಲುವುದಿಲ್ಲ, ಆದರೂ ಹೇಳಿ.

ನಮ್ಮ ಡ್ರೈವಿಂಗ್ ಶಾಲೆಯಲ್ಲಿ ಬೇಕರಿಯ ಮಿತ್ಕೋ ಮತ್ತೆ ಪರೀಕ್ಷೆಯಲ್ಲಿ ಫೇಲಾದರು. ವಸಂತದಿಂದ ಕಲಿಸುತ್ತಿದ್ದೇನೆ. ಬ್ರೇಕನ್ನು ಅವರು ಒತ್ತುವುದಿಲ್ಲ, ಒದೆಯುತ್ತಾರೆ. ಈ ಸಲ ಪರೀಕ್ಷಕನ ಕನ್ನಡಕ ಹಾರಿ ಮುಂದಿನ ಗಾಜಿಗೆ ಬಡಿಯಿತಂತೆ.

ಮೆಣಸಿನಕಾಯಿ ಸುಟ್ಟು ಲ್ಯೂತೆನಿತ್ಸಾ ಮಾಡಿದೆವು. ಎರಡು ಬಾಟಲಿ ಕಳಿಸಿದ್ದೇನೆ. ಸಿನ್ಯೋರಾಗೆ ಖಾರ ಹೆಚ್ಚಾದರೆ ನೀವೇ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನಿ.

ಇಂತಿ ನಿಮ್ಮ
ರಲಿತ್ಸಾ


ಬೊಲೋನ್ಯಾ
೧ ನವೆಂಬರ್ ೨೦೧೮

ನನ್ನ ಮುದ್ದು ರಲಿತ್ಸಾ,

ಕಬ್ಬಿಣದ ಅಂಶವಂತೆ. ನನ್ನನ್ನು ಏನೆಂದುಕೊಂಡಿದ್ದೀಯ? ಈಗ ಎಲ್ಲಾ ಗೊತ್ತಾಯಿತು.

ಸ್ತೋಯಾಂಕಾಳ ತಂಗಿಯ ಮಗಳು ಒಂದು ದಿನ ಪ್ಲೋವ್ದಿವ್‌ನ ಆಸ್ಪತ್ರೆಯಲ್ಲಿ ಕೈಗೆ ಬಂದ ಕಜ್ಜಿ ತೋರಿಸಲು ಸಾಲಿನಲ್ಲಿ ಕೂತಿದ್ದಳಂತೆ. ನರ್ಸು ನಿನ್ನನ್ನು ಕರೆದು ಕೈಗೆ ಚಿಕ್ಕ ಡಬ್ಬಿ ಕೊಟ್ಟು, “ಗರ್ಭದ ಪರೀಕ್ಷೆಗೆ, ಪ್ರತಿ ತಿಂಗಳೂ ಮಾಡ್ತೀವಿ” ಅಂದದ್ದು ಅವಳ ಕಿವಿಗೆ ಬಿತ್ತಂತೆ. ಪ್ರತಿ ತಿಂಗಳೂ! ಅಂದರೆ ನೀವಿಬ್ಬರೂ ಮಗುವಿಗಾಗಿ ಡಾಕ್ಟರ ಹತ್ತಿರ ಹೋಗುತ್ತಿದ್ದೀರಿ. ನನ್ನ ಹತ್ತಿರ ಇದನ್ನು ಮುಚ್ಚಿಡುವುದೇನಿತ್ತು? ಮೂವತ್ತೆಂಟು ಈ ಕಾಲಕ್ಕೆ ದೊಡ್ಡ ವಯಸ್ಸೇ ಅಲ್ಲ. ಇಲ್ಲಿ ನಲವತ್ತಕ್ಕೆ ಚೊಚ್ಚಲು ಹೆರುತ್ತಾರೆ.

ಪೆಟ್ಟಿಗೆಯಲ್ಲಿ ಉಣ್ಣೆಯ ಟೋಪಿ, ಕಾಲುಚೀಲ ಇಟ್ಟಿದ್ದೇನೆ. ಗಂಡೋ ಹೆಣ್ಣೋ ಗೊತ್ತಿಲ್ಲವಲ್ಲ, ಅದಕ್ಕೆ ಹಳದಿ. ಎಡಗಾಲಿನದು ಸಿನ್ಯೋರಾ ಹೆಣೆದದ್ದು, ಅದಕ್ಕೇ ಉದ್ದ. ಆ ಮಿತ್ಕೋನ ಪಕ್ಕ ಇನ್ನು ಕೂರಬೇಡ. ಅವನ ಬ್ರೇಕಿಗೆ ಹೊಟ್ಟೆಯಲ್ಲಿರುವ ಮಗು ಹೆದರೀತು.

ಸ್ತೋಯಾಂಕಾಗೆ ಏನೂ ಹೇಳಿಲ್ಲ. ಸುಮ್ಮನೆ ನಕ್ಕೆ, ಅಷ್ಟೇ.

ನಿನ್ನ ಅತ್ತೆ


ಚಿರ್ಪಾನ್
೯ ನವೆಂಬರ್ ೨೦೧೮

ಅತ್ತೆಯವರಿಗೆ,

ಹಳದಿ ಟೋಪಿಯನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಮಗು ಇಲ್ಲ ಅತ್ತೆ. ಈಗ ಆಗಲೂಬಾರದು. ನಾನು ನುಂಗುತ್ತಿರುವ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಏನು ಮಾಡುತ್ತದೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೇ ತಿಂಗಳು ತಿಂಗಳು ಆ ಪರೀಕ್ಷೆ. ನೀವು ನಕ್ಕದ್ದರ ಅರ್ಥ ಇಷ್ಟರಲ್ಲಿ ಇಡೀ ಬೀದಿಗೆ ಗೊತ್ತಾಗಿರುತ್ತದೆ. ಆದ್ದರಿಂದ ಇನ್ನು ನಿಜ ಬರೆಯದೆ ಬೇರೆ ದಾರಿಯಿಲ್ಲ.

ನನ್ನ ತಲೆಯಲ್ಲಿ ಒಂದು ಕೂದಲೂ ಇಲ್ಲ. ಮೂರು ವರ್ಷವಾಯಿತು.

ಮೊದಲು ಕಿವಿಯ ಹಿಂದೆ ನಾಣ್ಯದಷ್ಟು ಜಾಗ ನುಣ್ಣಗಾಯಿತು. ಆಮೇಲೆ ಸ್ನಾನಕ್ಕೆ ಹೋದರೆ ನೀರು ಇಳಿಯದಷ್ಟು ಕೂದಲು ಬಚ್ಚಲಲ್ಲಿ. ಮಾವನವರು ತೀರಿಕೊಂಡಾಗ ನೀವು ನಾಲ್ಕು ದಿನ ಬಂದಿದ್ದಿರಿ. ಎಲ್ಲರ ತಲೆಯ ಮೇಲೂ ಕಪ್ಪು ವಸ್ತ್ರವಿತ್ತು, ನನ್ನ ತಲೆಯ ಮೇಲೂ ಇತ್ತು. ಅದರ ಕೆಳಗೆ ಆಗಲೇ ಅರ್ಧ ಹೋಗಿತ್ತು. ಆ ಬೇಸಿಗೆಗೆ ಹುಬ್ಬು ಹೋಯಿತು, ರೆಪ್ಪೆ ಹೋಯಿತು. ನೀವು ಫೋನಿನಲ್ಲಿ ನೋಡುತ್ತಿರುವುದು ವಿಗ್ಗು. ಹುಬ್ಬು ಪೆನ್ಸಿಲಿನದು. ಹುಬ್ಬಿಲ್ಲದಿದ್ದರೆ ಹಣೆಯ ಬೆವರೆಲ್ಲ ನೇರ ಕಣ್ಣಿಗೆ ಇಳಿಯುತ್ತದೆ, ನಿಮಗೆ ಗೊತ್ತೇ? ನನಗೂ ಗೊತ್ತಿರಲಿಲ್ಲ.

ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಕೂದಲ ಬೇರನ್ನು ಶತ್ರು ಎಂದು ತಿಳಿದುಕೊಂಡಿದೆ ಅಂತ ಡಾಕ್ಟರು ಹೇಳಿದರು. ಸ್ತಾರಾ ಜಗೋರಾದಲ್ಲಿ ತಲೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡೆ. ಒಂದಿಷ್ಟು ಬಂತು, ಬಂದದ್ದೂ ಉದುರಿತು. ಆಮೇಲೆ ಸುಮ್ಮನಾದೆ.

ಮೇ ತಿಂಗಳಲ್ಲಿ ಮಿತ್ಕೋಗೆ ಚೌಕದ ಹತ್ತಿರ ಕಾರು ತಿರುಗಿಸಲು ಹೇಳಿದ್ದೆ. ಒಂದು ಬೆಕ್ಕು ಅಡ್ಡ ಬಂತು. ಅವರು ಬ್ರೇಕ್ ಒದ್ದರು. ಬೆಕ್ಕು ಉಳಿಯಿತು, ನನ್ನ ವಿಗ್ಗು ಮುಂದೆ ಜಾರಿ ಕಣ್ಣು ಮೂಗು ಎರಡನ್ನೂ ಮುಚ್ಚಿತು. ಅದನ್ನು ಮೇಲೆತ್ತಿದಾಗ ಮಿತ್ಕೋ ಸ್ಟೀರಿಂಗ್ ಬಿಟ್ಟು ಎರಡೂ ಕೈಯಿಂದ ತಮ್ಮ ಕಣ್ಣು ಮುಚ್ಚಿಕೊಂಡಿದ್ದರು. “ನಾನೇನೂ ನೋಡಿಲ್ಲಮ್ಮ, ಏನೂ ನೋಡಿಲ್ಲ” ಅಂತಿದ್ದರು. ಕಾರು ಮೆಲ್ಲಗೆ ಮುಂದೆ ಹೋಗುತ್ತಲೇ ಇತ್ತು. ನಾನೇ ನನ್ನ ಕಡೆಯ ಬ್ರೇಕ್ ಒತ್ತಿದೆ. ಅವತ್ತು ಮನೆಗೆ ಬಂದು ನಗುತ್ತಾ ನಗುತ್ತಲೇ ಅತ್ತುಬಿಟ್ಟೆ. ಇನ್ನು ಹೀಗೆ ಇರಲಾರೆ ಅನಿಸಿತು.

ಹುಡುಕಲು ಶುರುಮಾಡಿದೆ. ಇಂಟರ್‌ನೆಟ್ಟಿನಲ್ಲಿ ಮೊದಲು ಸಿಕ್ಕಿದ್ದು ಸೋಫಿಯಾದ ಒಂದು ಖಾಸಗಿ ಚಿಕಿತ್ಸಾಲಯ. ‘ಹೊಸ ಔಷಧದ ಪ್ರಯೋಗಕ್ಕೆ ಸೇರಿ’ ಅಂತಿತ್ತು, ಮುಂಗಡ ಕಟ್ಟಿ ಹೆಸರು ಬರೆಸಬೇಕಿತ್ತು. ಕಟ್ಟಿಬಿಡುತ್ತಿದ್ದೆ. ಅಷ್ಟರಲ್ಲಿ ನನ್ನಂಥವರದೇ ಒಂದು ಸಂಘ ಪ್ಲೋವ್ದಿವ್‌ನಲ್ಲಿದೆ ಎಂದು ಗೊತ್ತಾಗಿ ಫೋನ್ ಮಾಡಿದೆ. ಅಲ್ಲಿನ ಹೆಂಗಸು, “ನಿಜವಾದ ಟ್ರಯಲ್ ನಿಮ್ಮಿಂದ ದುಡ್ಡು ಕೇಳಲ್ಲ, ರೈಲಿನ ಟಿಕೆಟ್ಟೂ ಅವರೇ ಕೊಡ್ತಾರೆ. ದುಡ್ಡು ಕೇಳಿದ್ರೆ ಫೋನ್ ಇಡಿ” ಅಂದಳು. ಯುರೋಪಿನಲ್ಲಿ ನಡೆಯುವ ಪ್ರಯೋಗಗಳನ್ನೆಲ್ಲ ಸರ್ಕಾರಗಳೇ ದಾಖಲಿಸಿಡುವ ಇಂಟರ್‌ನೆಟ್ಟಿನ ಜಾಗವನ್ನೂ ಅವಳೇ ತೋರಿಸಿದಳು. ಒಂದು ಪ್ರಯೋಗ ಪ್ಲೋವ್ದಿವ್‌ನಲ್ಲೇ ನಡೆಯುತ್ತಿತ್ತು. ಕೇಳಿದರೆ, ಜಾಗ ಭರ್ತಿಯಾಗಿದೆ ಅಂದರು. ಹೆಸರು ಬರೆಸಿ ಮರೆತುಬಿಟ್ಟೆ. ಆಗಸ್ಟಿನಲ್ಲಿ ಒಬ್ಬರ ರಕ್ತ ಪರೀಕ್ಷೆ ಸರಿಬರಲಿಲ್ಲವಂತೆ, ನನ್ನನ್ನು ಕರೆದರು.

ಹಚ್ಚುತ್ತಿದ್ದ ಮುಲಾಮು ಬಿಡಿಸಿದರು. ರಕ್ತ, ಎದೆಯ ಎಕ್ಸ್‌ರೇ, ಎಲ್ಲ ನೋಡಿದರು. ಡಾಕ್ಟರ್ ವೆಲಿನೋವಾ ನನ್ನ ಬೋಳು ತಲೆಯ ಫೋಟೊವನ್ನು ನಾಲ್ಕೂ ಕಡೆಯಿಂದ ತೆಗೆದರು. ಮೊದಲ ಸಲ ಯಾರೋ ನನ್ನ ತಲೆಯನ್ನು ಅಯ್ಯೋ ಅನ್ನದೆ ನೋಡಿದರು. ಒಪ್ಪಿಗೆಯ ಕಾಗದಗಳನ್ನು ಮನೆಗೆ ತಂದು ಕಾಮೆನ್ ಜೊತೆ ಕೂತು ಓದಿದೆ. ಮೂವರಲ್ಲಿ ಇಬ್ಬರಿಗೆ ಔಷಧ, ಒಬ್ಬರಿಗೆ ಏನೂ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದೆಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹೋದ ತಿಂಗಳ ಕೊನೆಗೆ ಮೊದಲ ಮಾತ್ರೆ ನುಂಗಿದೆ.

ನಿಮಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಮದುವೆಯ ದಿನ ನೀವು ನನ್ನ ಜಡೆಯನ್ನು ಕೈಯಲ್ಲಿ ಎತ್ತಿ ಹಿಡಿದು, “ನೋಡ್ರಪ್ಪಾ ನಮ್ಮನೆಗೆ ಬಂದಿರೋ ಜಡೆ” ಅಂತ ನೆಂಟರಿಗೆಲ್ಲ ತೋರಿಸಿದಿರಿ. ಆಮೇಲೆ ಪ್ರತಿ ವರ್ಷ ಯಾರು ಬಂದರೂ ತೋರಿಸಿದಿರಿ. ನೀವು ಮನೆಗೆ ತಂದದ್ದು ಆ ಜಡೆಯನ್ನು ಎಂದೇ ನಾನು ತಿಳಿದಿದ್ದೆ. ಕಾಮೆನ್ ಮೇಲೆ ಸಿಟ್ಟಾಗಬೇಡಿ, ಹೇಳಬೇಡಿ ಎಂದು ನಾನೇ ಆಣೆ ಹಾಕಿಸಿದ್ದೆ.

ರಲಿತ್ಸಾ


ಚಿರ್ಪಾನ್
೧೪ ಡಿಸೆಂಬರ್ ೨೦೧೮

ಅತ್ತೆಯವರಿಗೆ,

ರುಮೆನ್ ಎರಡು ಸಲ ಬಂದು ಹೋದರು. ನಿಮ್ಮಿಂದ ಪೆಟ್ಟಿಗೆಯೂ ಇಲ್ಲ, ಕಾಗದವೂ ಇಲ್ಲ. ಭಾನುವಾರ ಕಾಮೆನ್ ಜೊತೆ ಮಾತಾಡಿದಿರಿ, ನೆವೆನಾ ಜೊತೆ ಮಾತಾಡಿದಿರಿ, ನಾನು ಫೋನ್ ತೆಗೆದುಕೊಳ್ಳುವಷ್ಟರಲ್ಲಿ ಸಿನ್ಯೋರಾಗೆ ಶೀತ, ಕರೆಯುತ್ತಿದ್ದಾಳೆ ಎಂದು ಇಟ್ಟುಬಿಟ್ಟಿರಿ.

ನಿಮಗೆ ಬೇಸರವಾಗಿದ್ದರೆ ತಪ್ಪೆಂದು ಹೇಳಲಾರೆ. ಆದರೆ ಕ್ಷಮೆ ಕೇಳುವಂಥದ್ದು ನಾನೇನೂ ಮಾಡಿಲ್ಲ. ಕೂದಲು ನನ್ನ ಮಾತು ಕೇಳಿ ಉದುರಿದ್ದಲ್ಲ.

ಸ್ತೋಯಾಂಕಾಗೆ ನಾನೇ ಹೇಳಿದೆ, ಮಗು ಇಲ್ಲವೆಂದು. ಉಳಿದದ್ದು ಹೇಳಿಲ್ಲ. ಹಳದಿ ಟೋಪಿಯನ್ನು ಡ್ರೈವಿಂಗ್ ಶಾಲೆಯ ಗುಮಾಸ್ತೆಯ ಮಗುವಿಗೆ ಕೊಟ್ಟೆ. ನನ್ನ ತಲೆಗೆ ಅದು ಚಿಕ್ಕದಾಗುತ್ತಿತ್ತು.

ಹಬ್ಬದ ಶುಭಾಶಯಗಳು.

ರಲಿತ್ಸಾ


ಬೊಲೋನ್ಯಾ
೩ ಜನವರಿ ೨೦೧೯

ರಲಿತ್ಸಾ, ಮಗಳೇ,

ಕ್ರಿಸ್‌ಮಸ್‌ನ ಮಾರನೇ ದಿನ ಸಿನ್ಯೋರಾ ಇದಾ ತೀರಿಕೊಂಡಳು. ಶೀತ ಅಂದದ್ದು ಸುಳ್ಳು. ನವೆಂಬರಿನಿಂದ ಆಸ್ಪತ್ರೆಯಲ್ಲಿದ್ದಳು, ನಾನು ಅವಳ ಮಂಚದ ಪಕ್ಕದ ಕುರ್ಚಿಯಲ್ಲಿದ್ದೆ. ನಿಮಗೆ ಹೇಳಲಿಲ್ಲ. ಹೇಳಿದ್ದರೆ ಕಾಮೆನ್ ಆ ಗಳಿಗೆಯಲ್ಲೇ ‘ಹೊರಟು ಬಾ ಅಮ್ಮ’ ಅನ್ನುತ್ತಿದ್ದ. ನಿನ್ನ ಕಾಗದವನ್ನು ಆ ಆಸ್ಪತ್ರೆಯ ಕಾರಿಡಾರ್‌ನಲ್ಲಿ ನಿಂತು ಓದಿದೆ. ಉತ್ತರವನ್ನು ಅಂಥ ಜಾಗದಲ್ಲಿ ಬರೆಯಲು ಮನಸ್ಸಾಗಲಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅಳುತ್ತೇನೆಂದು ಇಟ್ಟುಬಿಡುತ್ತಿದ್ದೆ. ಅದನ್ನು ನೀನು ಬೇಸರವೆಂದು ತಿಳಿದುಕೊಂಡೆ. ನಾನಾಗಿದ್ದರೂ ಹಾಗೇ ತಿಳಿಯುತ್ತಿದ್ದೆ.

ಜಡೆಯ ವಿಷಯ. ಮದುವೆಯ ದಿನ ನೀನು ಬಿಳಿ ಬಟ್ಟೆ ಮೇಲೆತ್ತಿ ಕಟ್ಟಿಕೊಂಡು, ಮದುವೆಯ ಕಾರನ್ನು ನೀನೇ ಓಡಿಸಿಕೊಂಡು ಚರ್ಚಿಗೆ ಬಂದೆ. ನಮ್ಮ ಕಡೆಯ ನೆಂಟರು ಬಾಯಿ ತೆರೆದು ನಿಂತರು. ನನಗೆ ನಿನ್ನನ್ನು ಕಂಡರೆ ಭಯವಾಯಿತು ಹುಡುಗಿ. ಇವಳ ಬಗ್ಗೆ ಏನು ಹೇಳಲಿ ಎಂದು ಹುಡುಕಿದೆ, ಕೈಗೆ ಸಿಕ್ಕಿದ್ದು ಜಡೆ. ಎಲ್ಲರೂ ಒಪ್ಪುವ ವಸ್ತು ಅದೊಂದೇ ಇತ್ತು.

ಈಗ ನನ್ನ ಮಾತು ಕೇಳು. ಆ ಮಾತ್ರೆ ಬಿಡು. ಯಾರೂ ನುಂಗದ ಔಷಧವನ್ನು ನಿನ್ನ ಮೇಲೆ ನೋಡುತ್ತಿದ್ದಾರೆ. ನೀನೇನು ಪ್ರಯೋಗದ ಮೊಲವೇ? ನಿನಗೊಂದು ಮಗಳಿದ್ದಾಳೆ. ಇದರ ಜೊತೆ ಕಳಿಸಿರುವ ಬಾಟಲಿಯಲ್ಲಿರುವುದು ಬೇರಿನ ಎಣ್ಣೆ, ನಮ್ಮಜ್ಜಿ ಹಚ್ಚುತ್ತಿದ್ದದ್ದು. ಇಲ್ಲಿನ ಬಲ್ಗೇರಿಯಾದ ಅಂಗಡಿಯಲ್ಲೂ ಸಿಗುತ್ತದೆ. ಬೆಳ್ಳುಳ್ಳಿ ಉಜ್ಜಿ ಆಮೇಲೆ ಹಚ್ಚು. ಕೂದಲು ಬಾರದಿದ್ದರೆ ಬೇಡ. ಕೂದಲಿಲ್ಲದ ಸೊಸೆ ಇದ್ದರೆ ನನಗೆ ಸಾಕು.

ಸಿನ್ಯೋರಾಳ ಮನೆ ಖಾಲಿ ಮಾಡಿಕೊಡಲು ಅವಳ ಮಕ್ಕಳು ಕೇಳಿದ್ದಾರೆ. ವಸಂತದವರೆಗೆ ಇಲ್ಲೇ ಇರುತ್ತೇನೆ.

ದೋಂಕಾ


ಚಿರ್ಪಾನ್
೨ ಮಾರ್ಚ್ ೨೦೧೯

ಪ್ರೀತಿಯ ಅತ್ತೆಯವರಿಗೆ,

ಕಾಗದದ ಜೊತೆ ಈ ವಸಂತದ ಮಾರ್ತೆನಿತ್ಸಾ ಇಟ್ಟಿದ್ದೇನೆ, ನೆವೆನಾ ಹೊಸೆದದ್ದು. ಕೆಂಪು ದಾರಕ್ಕೆ ಬಿಳಿ ದಾರ ಸಾಲಲಿಲ್ಲವಂತೆ, ಅದಕ್ಕೇ ತುದಿ ಸೊಟ್ಟ. ಮೊದಲ ಕೊಕ್ಕರೆ ಕಾಣುವವರೆಗೆ ಕೈಗೆ ಕಟ್ಟಿಕೊಂಡಿರಿ. ಬೊಲೋನ್ಯಾದಲ್ಲಿ ಕೊಕ್ಕರೆ ಬರುವುದಿಲ್ಲವೆಂದರೆ ಹೂ ಬಿಟ್ಟ ಮರವಾದರೂ ಇರುತ್ತದೆ.

ನಿಮ್ಮ ಜನವರಿಯ ಕಾಗದವನ್ನು ಕಾಮೆನ್‌ಗೆ ಓದಿ ಹೇಳಿದೆ. ಭಯದ ವಿಷಯ ಬಂದಾಗ, “ನಂಗೂ ಅವತ್ತು ಭಯ ಆಗಿತ್ತು, ಗೇರ್ ಹಾಕಿದ ರೀತಿ ನೋಡಿ” ಅಂದರು.

ಎಣ್ಣೆ ಹಚ್ಚಿಲ್ಲ, ಸಿಟ್ಟಾಗಬೇಡಿ. ಬೇರೆ ಏನನ್ನೂ ಹಚ್ಚಬಾರದೆಂದು ಒಪ್ಪಿಕೊಂಡಿದ್ದೇನೆ. ಹಚ್ಚಿದರೆ ಯಾವುದರಿಂದ ಬಂತೆಂದು ಅವರಿಗೆ ಗೊತ್ತಾಗುವುದಿಲ್ಲ. ಭಯ ನನಗೂ ಇದೆ. ಪ್ರತಿ ಸಲ ಹೋದಾಗ ರಕ್ತ ನೋಡುತ್ತಾರೆ. ಜನವರಿಯಲ್ಲಿ ಗಂಟಲು ನೋವು, ಜ್ವರ ಬಂದಾಗ ಡಾಕ್ಟರೇ ಫೋನ್ ಮಾಡಿ ಮಾತ್ರೆ ನಿಲ್ಲಿಸಿ, ಹುಷಾರಾದ ಮೇಲೆ ಮತ್ತೆ ಕೊಟ್ಟರು. ಬೇಡವೆನಿಸಿದ ದಿನ ಕಾರಣ ಹೇಳದೆ ಬಿಟ್ಟುಬರಬಹುದು, ಅದೂ ಬರೆದಿದೆ.

ನಿಜ ಹೇಳಬೇಕೆಂದರೆ ಬಿಟ್ಟುಬಿಡಬೇಕು ಅನಿಸುತ್ತಿದೆ. ಭಯಕ್ಕಲ್ಲ. ನನ್ನ ತಲೆ ಮೊಟ್ಟೆಯ ಹಾಗೇ ಇದೆ. ಹಾಸ್ಕೊವೊ ಊರಿನ ಒಬ್ಬಳು ನನ್ನ ದಿನವೇ ಬರುತ್ತಾಳೆ. ಹೋದ ಸಲ ವಸ್ತ್ರ ತೆಗೆದಳು, ತಲೆ ತುಂಬ ಗೋಧಿಯ ಮೊಳಕೆಯಂತೆ ಎದ್ದಿದೆ. “ಮುಟ್ಟಿ ನೋಡಿ ಬೇಕಾದ್ರೆ” ಅಂದಳು. ಮುಟ್ಟಿದೆ. ಸಂತೋಷವಾಯಿತು ಎಂದೆ. ರೈಲಿನಲ್ಲಿ ಬರುವಾಗ ಅವಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡೆ. ನನ್ನದು ಖಾಲಿ ಮಾತ್ರೆ ಅತ್ತೆ, ನನಗೆ ಗೊತ್ತು. ಖಾಲಿ ಮಾತ್ರೆ ನುಂಗಲು ನಸುಕಿಗೆ ಎದ್ದು ರೈಲು ಹಿಡಿಯುವುದು ಯಾರ ಸುಖಕ್ಕೆ?

ಕಾಮೆನ್ ನಿಮ್ಮ ಕೋಣೆಗೆ ಬಣ್ಣ ಹೊಡೆದಿದ್ದಾರೆ. ವಸಂತ ಬಂತು. ಯಾವಾಗ ಬರುತ್ತೀರಿ?

ನಿಮ್ಮ
ರಲಿತ್ಸಾ


ಬೊಲೋನ್ಯಾ
೧೮ ಮಾರ್ಚ್ ೨೦೧೯

ರಲಿತ್ಸಾ,

ಬಿಡು ಎಂದು ಹೇಳಿದವಳು ನಾನು. ಈಗ ಬಿಡುತ್ತೇನೆ ಎಂದು ನೀನು ಬರೆದರೆ ನನಗೇ ಸಂಕಟವಾಗುತ್ತದೆ. ಇದೆಂಥ ಮನಸ್ಸೋ.

ನಿನ್ನ ಕಾಗದದ ವಿಷಯವನ್ನು ರೆನಾತೊ ಹತ್ತಿರ ಹೇಳಿದೆ. ಅವನ ಹೆಂಡತಿಗೆ ಎದೆಯಲ್ಲಿ ಗೆಡ್ಡೆಯಾಗಿತ್ತು. ಒಂದು ಹೊಸ ಔಷಧದಿಂದ ಆರು ವರ್ಷ ಹೆಚ್ಚಿಗೆ ಬದುಕಿದಳು. ಆ ಆರು ವರ್ಷದಲ್ಲಿ ಇಬ್ಬರೂ ಎರಡು ಸಲ ಸಮುದ್ರಕ್ಕೆ ಹೋಗಿಬಂದರಂತೆ, ಮೊಮ್ಮಗನಿಗೆ ಅವಳು ಸೈಕಲ್ ಕಲಿಸಿದಳಂತೆ. ಅವನು ಅಂದದ್ದಿಷ್ಟು: “ಆ ಔಷಧಕ್ಕೆ ಮುಂಚೆ ಯಾರೋ ಹೆಂಗಸರು ಖಾಲಿದನ್ನ ನುಂಗಿರಬೇಕು ದೋಂಕಾ. ಅವರು ಯಾರು ಅಂತ ನಂಗೆ ಯಾವತ್ತೂ ಗೊತ್ತಾಗಲ್ಲ.” ಅಷ್ಟು ಹೇಳಿ ಪಾತ್ರೆ ತೊಳೆಯಲು ಎದ್ದುಹೋದ.

ಕೂದಲಿಗೂ ಆ ಕಾಯಿಲೆಗೂ ಹೋಲಿಕೆಯಿಲ್ಲ, ನನಗೆ ಗೊತ್ತು. ನೀನು ಏನು ಮಾಡಿದರೂ ನನಗೆ ಸರಿಯೇ. ಆದರೆ ಹಾಸ್ಕೊವೊದವಳನ್ನು ಬೈಯಬೇಡ. ಅವಳು ಮುಟ್ಟಲು ಕೊಟ್ಟಳಲ್ಲ.

ಸಿನ್ಯೋರಾಳ ಮನೆ ಖಾಲಿಯಾಗಲು ಇನ್ನೂ ಸಮಯ ಹಿಡಿಯುತ್ತದೆ. ಕೋಣೆಗೆ ಯಾವ ಬಣ್ಣ?

ದೋಂಕಾ


ಚಿರ್ಪಾನ್
೭ ಮೇ ೨೦೧೯

ಪ್ರೀತಿಯ ಅತ್ತೆಯವರಿಗೆ,

ನಿನ್ನೆ ಗೆಯೋರ್ಗಿ ಹಬ್ಬ. ಕುರಿಮರಿ ಸುಟ್ಟೆವು, ಕಾಮೆನ್ ಗೆಳೆಯರೆಲ್ಲ ಬಂದಿದ್ದರು. ಬಿಸಿಲಿಗೆ ವಿಗ್ಗಿನೊಳಗೆ ನಾನೂ ಬೆಂದೆ. ಮಧ್ಯಾಹ್ನ ಅದನ್ನು ತೆಗೆದು ಬೇಲಿಗೆ ಸಿಕ್ಕಿಸಿ ವಸ್ತ್ರ ಸುತ್ತಿಕೊಂಡೆ. ಬೇಲಿಯಾಚೆ ಸ್ತೋಯಾಂಕಾ ಇದ್ದಳು. ನೋಡಿದಳು, ಒಳಗೆ ಹೋದಳು, ಒಂದು ತಟ್ಟೆ ಸೌತೆಕಾಯಿ ಹಿಡಿದು ಬಂದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವಳು ಸುಮ್ಮನಿದ್ದದ್ದು ನೋಡಿ ಕಾಮೆನ್‌ಗೆ ನನಗಿಂತ ಅವಳ ಆರೋಗ್ಯದ ಚಿಂತೆಯಾಯಿತು.

ಮಾತ್ರೆ ಬಿಡಲಿಲ್ಲ. ಆರು ತಿಂಗಳ ಮೊದಲ ಭಾಗ ಮುಗಿಸಿದೆ. ಈಗ ಎರಡನೇ ಭಾಗ. ಇದರಲ್ಲಿ ಎಲ್ಲರಿಗೂ ನಿಜವಾದ ಔಷಧವೇ. ಮೊದಲು ನನಗೇನು ಕೊಟ್ಟಿದ್ದಿರಿ ಎಂದು ಕೇಳಿದರೆ ಡಾಕ್ಟರ್ ವೆಲಿನೋವಾ ನಕ್ಕರು. ಎಲ್ಲ ದೇಶಗಳಲ್ಲೂ ಮುಗಿಯುವವರೆಗೆ ಅವರಿಗೂ ಗೊತ್ತಾಗುವುದಿಲ್ಲವಂತೆ. ಹಾಸ್ಕೊವೊದವಳ ಜೊತೆ ಕಾಫಿ ಕುಡಿದೆ. ಅವಳ ಹೆಸರು ವಿಲ್ಮಾ. ನನ್ನ ಪರವಾಗಿ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುತ್ತಿದ್ದಾಳಂತೆ. ನನಗೆ ಬಹಳ ನಾಚಿಕೆಯಾಯಿತು.

ನಿಮ್ಮ ಕೋಣೆಗೆ ತಿಳಿಹಸಿರು ಬಣ್ಣ.

ರೆನಾತೊ ಯಾರು? ಸಿನ್ಯೋರಾಳ ಮಗನಿರಬೇಕು ಎಂದುಕೊಂಡೆ. ಆದರೆ ಮನೆ ಖಾಲಿ ಮಾಡಿಸುವ ಮಗ ಪಾತ್ರೆ ಯಾಕೆ ತೊಳೆಯುತ್ತಾನೆ?

ನಿಮ್ಮ
ರಲಿತ್ಸಾ


ಬೊಲೋನ್ಯಾ
೨೦ ಜೂನ್ ೨೦೧೯

ರಲಿತ್ಸಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ರೆನಾತೊ ಸಿನ್ಯೋರಾಳ ಮಗನಲ್ಲ. ಕೆಳಗಿನ ಮನೆಯವನು. ಇಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿ ಹೋಗಿ ಒಂಬತ್ತು ವರ್ಷ. ಸಿನ್ಯೋರಾಳ ಗಾಲಿಕುರ್ಚಿಯನ್ನು ಮೆಟ್ಟಿಲು ಇಳಿಸಲು ಬರುತ್ತಿದ್ದ. ಆಮೇಲೆ ಕುರ್ಚಿ ಇಳಿಸದ ದಿನವೂ ಬಂದ. ಹೋದ ಬೇಸಿಗೆಯಲ್ಲಿ ಸಿನ್ಯೋರಾಳನ್ನು ಬಿಟ್ಟು ಬರಲಾಗದು ಎಂದು ನಿಮಗೆ ಹೇಳಿದೆನಲ್ಲ, ಆ ಹದಿನೈದು ದಿನ ಸಿನ್ಯೋರಾ ಮಗಳ ಮನೆಯಲ್ಲಿದ್ದಳು. ನಾನು ರಿಮಿನಿಯಲ್ಲಿ ಸಮುದ್ರದ ದಂಡೆಯಲ್ಲಿ ರೆನಾತೊ ಜೊತೆ ಕೂತಿದ್ದೆ.

ಸಿನ್ಯೋರಾಳ ಮನೆ ಏಪ್ರಿಲಿನಲ್ಲೇ ಖಾಲಿಯಾಯಿತು. ನಾನೀಗ ಕೆಳಗಿನ ಮನೆಯಲ್ಲಿದ್ದೇನೆ. ನನ್ನ ಮಗ ನನಗಾಗಿ ಗೋಡೆಗೆ ಬಣ್ಣ ಹೊಡೆಯುತ್ತಿದ್ದಾನೆಂದು ಓದಿದ ದಿನ ಊಟ ಸೇರಲಿಲ್ಲ. ಅವನ ಅಪ್ಪನ ಜೊತೆ ಮೂವತ್ತೈದು ವರ್ಷ ಒಳ್ಳೆಯವಳಾಗಿಯೇ ಬಾಳಿದೆ, ಅದಕ್ಕೆ ನೀನು ಸಾಕ್ಷಿ. ಅರವತ್ತೊಂದಕ್ಕೆ ಇದೇನು ಎಂದು ಕಾಮೆನ್ ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಮಾತು. ಬೆಳಿಗ್ಗೆ ಎದ್ದಾಗ ಯಾರೋ ಕಾಫಿ ಇಟ್ಟಿರುತ್ತಾರೆ. ಅಷ್ಟೇ ಉತ್ತರ.

ಸದ್ಯಕ್ಕೆ ನಿನ್ನಲ್ಲೇ ಇರಲಿ.

ದೋಂಕಾ


ಚಿರ್ಪಾನ್
೧೬ ಆಗಸ್ಟ್ ೨೦೧೯

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಓದಿ ನಾನು ಮೊದಲು ಕೇಳಬೇಕೆಂದುಕೊಂಡದ್ದು: ಅವರು ಬ್ರೇಕ್ ಹೇಗೆ ಹಾಕುತ್ತಾರೆ? ಮೆಲ್ಲಗೆ ಹಾಕುವವರಾದರೆ ನನ್ನ ಒಪ್ಪಿಗೆಯಿದೆ.

ಮೂರು ವರ್ಷ ನಾನು ಪೆನ್ಸಿಲ್ ಹುಬ್ಬು ಬರೆದುಕೊಂಡು ನಿಮ್ಮೆದುರು ಕೂತೆ. ನೀವು ರಿಮಿನಿಯ ಬಿಸಿಲಿಗೆ ಕಪ್ಪಾದ ಮುಖವನ್ನು ಅಡುಗೆಮನೆಯ ಉರಿ ಎಂದು ಹೇಳಿ ನನ್ನೆದುರು ಕೂತಿರಿ. ಭಾನುವಾರ ಫೋನಿನ ಎರಡೂ ಕಡೆ ‘ಎಲ್ಲಾ ಚೆನ್ನಾಗಿದೆ’. ಚೆನ್ನಾಗಿಯೇ ಇತ್ತಲ್ಲ ಅತ್ತೆ, ನಿಮ್ಮ ಕಡೆಯಂತೂ.

ನನ್ನ ಸುದ್ದಿ. ಜುಲೈಯಲ್ಲಿ ಒಂದು ದಿನ ಮುಖ ತೊಳೆದು ಒರೆಸುವಾಗ ಎಡಹುಬ್ಬಿನ ಜಾಗ ಬೆರಳಿಗೆ ಒರಟಾಗಿ ತಾಗಿತು. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ನೆವೆನಾಳನ್ನು ಕರೆದೆ. ಅವಳು ಕಿಟಕಿಯ ಬೆಳಕಿಗೆ ನನ್ನ ಮುಖ ತಿರುಗಿಸಿ, “ಇದೆ ಅಮ್ಮ, ಬೆಳ್ಳಗೆ, ಪೀಚ್ ಹಣ್ಣಿನ ಸಿಪ್ಪೆ ಥರ” ಅಂದಳು. ಈಗ ಎರಡೂ ಹುಬ್ಬು ಬಂದಿವೆ, ರೆಪ್ಪೆ ಅಲ್ಲೊಂದು ಇಲ್ಲೊಂದು. ತಲೆಯ ಮುಂಭಾಗದಲ್ಲಿ ಕಪ್ಪು ಕೂದಲು, ನೆತ್ತಿಯಲ್ಲಿ ಬಿಳಿ ನವಿರು, ಹಿಂಭಾಗದಲ್ಲಿ ಅಂಗೈಯಗಲ ಇನ್ನೂ ಬೋಳು. ಬಲ್ಗೇರಿಯಾದ ನಕಾಶೆಯ ಹಾಗಿದೆ ಎಂದು ಕಾಮೆನ್ ಹೇಳುತ್ತಾರೆ, ಸಮುದ್ರ ಎಲ್ಲಿದೆ ಎಂದು ದಿನಾ ಹುಡುಕುತ್ತಾರೆ. ಡಾಕ್ಟರ್ ಸಂತೋಷಪಟ್ಟರು, ಆದರೆ ಆಸೆ ತೋರಿಸಲಿಲ್ಲ. ಪೂರ್ತಿ ಬಂದೀತೆಂದು ಹೇಳಲಾಗದಂತೆ. ಮಾತ್ರೆ ನಿಲ್ಲಿಸಿದರೆ ಮತ್ತೆ ಉದುರಲೂಬಹುದು. ಪ್ರಯೋಗ ಮುಗಿದ ಮೇಲೆ ಏನೆಂಬುದು ಅವರಿಗೂ ಗೊತ್ತಿಲ್ಲ. ಇರಲಿ. ಈ ಬೇಸಿಗೆ ಬೆವರು ಕಣ್ಣಿಗಿಳಿಯಲಿಲ್ಲ.

ಕಾಮೆನ್‌ಗೆ ನೀವೇ ಹೇಳಬೇಕು ಅನಿಸುತ್ತದೆ. ಆಗದಿದ್ದರೆ ನಾನು ಹೇಳುತ್ತೇನೆ.

ನಿಮ್ಮ
ರಲಿತ್ಸಾ


ಬೊಲೋನ್ಯಾ
೬ ಸೆಪ್ಟೆಂಬರ್ ೨೦೧೯

ರಲಿತ್ಸಾ,

ಮೆಲ್ಲಗೇ ಹಾಕುತ್ತಾನೆ. ನಲವತ್ತು ವರ್ಷ ನಿಂತ ಪ್ರಯಾಣಿಕರನ್ನು ಒಯ್ದವನು. ನಿನ್ನ ಪ್ರಶ್ನೆಯನ್ನು ಅವನಿಗೆ ಓದಿ ಹೇಳಿದೆ, ಒಂದು ವಾರದಿಂದ ನಗುತ್ತಿದ್ದಾನೆ.

ಅಕ್ಟೋಬರ್ ಹತ್ತೊಂಬತ್ತಕ್ಕೆ ಇಲ್ಲಿನ ಪುರಸಭೆಯಲ್ಲಿ ಮದುವೆ. ಊಟಕ್ಕೆ ಹತ್ತು ಜನ. ನನ್ನ ಕಡೆಯಿಂದ ಸಾಕ್ಷಿ ಸಹಿ ಹಾಕಲು ಒಬ್ಬರು ಬೇಕು, ಅದು ನೀನಾಗಬೇಕು. ಆಸ್ಪತ್ರೆಯ ದಿನ ಅದೇ ಆದರೆ ಆಸ್ಪತ್ರೆಗೇ ಹೋಗು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಸುಳ್ಳು, ಮಾಡಿಕೊಳ್ಳುತ್ತೇನೆ.

ಕಾಮೆನ್‌ಗೆ ಎರಡು ಭಾನುವಾರ ಹೇಳಲು ಹೋದೆ. ಹವಾಮಾನದ ವಿಷಯ ಮಾತಾಡಿ ಇಟ್ಟೆ. ನೀನೇ ಹೇಳಮ್ಮ.

ದೋಂಕಾ


ಚಿರ್ಪಾನ್
೨ ಅಕ್ಟೋಬರ್ ೨೦೧೯

ಪ್ರೀತಿಯ ಅತ್ತೆ,

ಹೇಳಿದೆ. ಅವರು ದ್ರಾಕ್ಷಿ ಹಿಂಡುತ್ತಿದ್ದರು. ಕೈ ನಿಲ್ಲಿಸಿದರು, ಒರೆಸಿಕೊಂಡರು, ನಿಮ್ಮ ಹಸಿರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನೂ ನೆವೆನಾಳೂ ಹೊರಗೆ ದ್ರಾಕ್ಷಿ ಹಿಂಡಿದೆವು. ತುಂಬ ಹೊತ್ತಾದ ಮೇಲೆ ಬಂದು ನನ್ನ ಪಕ್ಕ ನಿಂತರು.

“ಆ ಮನುಷ್ಯ ರಕಿಯಾ ಕುಡೀತಾನಾ?” ಅಂದರು.

ಗೊತ್ತಿಲ್ಲ ಎಂದೆ.

“ಕುಡೀದಿದ್ರೆ ಕಲಿಸ್ಬೇಕು. ಅಪ್ಪ ಇಳಿಸಿದ್ದು ಇನ್ನೂ ಎರಡು ಬಾಟಲಿ ಇದೆ” ಅಂದರು. ಆಮೇಲೆ ಅತ್ತರು. ಆಮೇಲೆ ನೀವು ಬಂದಾಗ ಇಬ್ಬರಿಗೂ ಸಾಲುವ ಮಂಚ ಆ ಕೋಣೆಯಲ್ಲಿ ಹಿಡಿಯುತ್ತದೆಯೇ ಎಂದು ಅಳತೆ ಹಾಕಿದರು. ಭಾನುವಾರ ಫೋನ್ ಮಾಡಿದಾಗ ಹವಾಮಾನ ಬಿಟ್ಟು ಬೇರೆ ಮಾತಾಡಿ. ಅವರು ಕಾಯುತ್ತಿದ್ದಾರೆ.

ನನ್ನ ಆಸ್ಪತ್ರೆಯ ದಿನವೂ ಹತ್ತೊಂಬತ್ತರ ಆಸುಪಾಸಿನಲ್ಲೇ ಇತ್ತು. ಡಾಕ್ಟರಿಗೆ ಅತ್ತೆಯ ಮದುವೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, “ಮಗಳ ಮದುವೆ ಕೇಳಿದೀನಿ, ತಂಗಿ ಮದುವೆ ಕೇಳಿದೀನಿ” ಅಂದರು. ಒಂದೆರಡು ದಿನ ಹಿಂದೆ ಮುಂದೆ ಮಾಡಲು ಅವಕಾಶವಿದೆಯಂತೆ, ವಾರದ ಮೊದಲಿಗೇ ಬರಲು ಹೇಳಿದರು. ಮಾತ್ರೆಯ ಡಬ್ಬಿಯನ್ನು ಕೈಚೀಲದಲ್ಲೇ ಇಟ್ಟುಕೊಂಡು ಬರುತ್ತೇನೆ.

ಗುರುತಿನ ಚೀಟಿಯ ಅವಧಿ ಮುಗಿಯುವುದರಲ್ಲಿತ್ತು, ಹೊಸದು ಮಾಡಿಸಲು ಪೊಲೀಸ್ ಕಚೇರಿಗೆ ಹೋದೆ. ಅಲ್ಲಿ ಫೋಟೊ ಅವರೇ ತೆಗೆಯುತ್ತಾರೆ. ವಿಗ್ಗು ಹಾಕಿಕೊಂಡೇ ಕುರ್ಚಿಯಲ್ಲಿ ಕೂತೆ. ಕಿಟಕಿಯ ಹಿಂದಿನ ಹುಡುಗಿ ತಲೆ ನೇರ ಮಾಡಿ ಅಂದಳು. ಈ ಚೀಟಿ ಹತ್ತು ವರ್ಷ ನನ್ನ ಜೊತೆ ಇರುತ್ತದೆ, ಯಾರದೋ ಕೂದಲು ಯಾಕಿರಬೇಕು ಅನಿಸಿತು. ತೆಗೆದು ಮಡಿಲಲ್ಲಿಟ್ಟುಕೊಂಡೆ. ಅವಳು ಕಿಟಕಿಯಿಂದ ಬಗ್ಗಿ ನೋಡಿ, “ಹಿಂದಿನ ಬೋಳು ಫೋಟೊದಲ್ಲಿ ಬರಲ್ಲ ಬಿಡಿ” ಅಂದಳು. ಬಂದರೂ ಅಡ್ಡಿಯಿಲ್ಲ ಎಂದೆ.

ನೆವೆನಾಳ ಶಾಲೆಗೆ ರಜೆ ಬರೆದುಕೊಟ್ಟಾಗಿದೆ. ಹದಿನೆಂಟರ ಬೆಳಿಗ್ಗೆ ನಮ್ಮ ಬಸ್ಸು ಬೊಲೋನ್ಯಾ ಮುಟ್ಟುತ್ತದೆ, ನಿಲ್ದಾಣಕ್ಕೆ ಬನ್ನಿ. ನೀವು ನನ್ನನ್ನು ಹೀಗೆ ಒಮ್ಮೆಯೂ ನೋಡಿಲ್ಲ. ಕಾಮೆನ್ ಹಿಂದೆ ಇಳಿಯುವ, ಗಂಡುಹುಡುಗರ ಹಾಗೆ ಮೋಟು ಕೂದಲಿನ, ಹಿಂದೆ ಅಂಗೈಯಗಲ ಬೋಳಿರುವ ಹೆಂಗಸನ್ನು ಕಂಡರೆ ಕೈ ಬೀಸಿ. ಅದು ನಾನೇ.

ನಿಮ್ಮ
ರಲಿತ್ಸಾ